ಮಫ್ಲರ್ ಸುತ್ತಿದ ಚಪ್ಪಲಿ

ನಮ್ಮ ಊರಿನ ಕಲಾಮಂದಿರಕ್ಕೆ ಹೋಗುವವರು ಬಾಯಲ್ಲಿ ನೀರು ತುಂಬಿಕೊಂಡೇ ಒಳಗೆ ನಡೆಯಬೇಕು. ಬಾಗಿಲ ಬಲಕ್ಕೆ ಒಂದು ತಾಮ್ರದ ಹಂಡೆ, ಅದರ ಪಕ್ಕದಲ್ಲಿ ಲೋಟಗಳು. ಬಂದವರು ಬಾಯಿಗೆ ನೀರು ಹೊಯ್ದುಕೊಂಡು, ಕೆನ್ನೆ ಉಬ್ಬಿಸಿ, ಒಬ್ಬರ ಮುಖವನ್ನೊಬ್ಬರು ನೋಡದೆ ಸಾಲಾಗಿ ನಡೆಯುತ್ತಾರೆ. ಒಳಗಿಟ್ಟ ವಸ್ತುಗಳನ್ನೆಲ್ಲ ನೋಡಿ, ಹಿಂಬಾಗಿಲಿನಿಂದ ಹೊರಬಿದ್ದ ಮೇಲೆ ಮೋರಿಗೆ ಉಗುಳುತ್ತಾರೆ. ಮಕ್ಕಳಿಗೆ ಪ್ರವೇಶವಿಲ್ಲ. ಹಲ್ಲಿಲ್ಲದ ಮುದುಕರ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ ಬಿಡುತ್ತಾರೆ. ಶೀತವಾದವರು ಬರಬಾರದೆಂದು ಫಲಕ ಹಾಕಿದೆ. ಬಾಯಿ ಮುಚ್ಚಿ ಮೂಗೂ ಕಟ್ಟಿದವನು ಕಲೆಯನ್ನು ಹೆಚ್ಚು ಹೊತ್ತು ನೋಡಲಾರ.

ಇದಕ್ಕೆ ಕಾರಣ ಸರಳ. ನಮ್ಮಲ್ಲಿ ಯಾರನ್ನಾದರೂ ಅಣಕಿಸಿ ಒಂದು ವಸ್ತುವನ್ನು ಮಾಡಿಟ್ಟು, ಅದರ ಮುಂದೆ ಜನ ನಕ್ಕರೆ, ಅಣಕಕ್ಕೆ ಗುರಿಯಾದ ಗುಣ ಮರುದಿನ ಬೆಳಗಾಗುವುದರೊಳಗೆ ಆ ಮನುಷ್ಯನನ್ನು ಬಿಟ್ಟುಹೋಗುತ್ತದೆ. ದಿನಸಿ ವ್ಯಾಪಾರಿ ದಾನಪ್ಪ ತೂಕದಲ್ಲಿ ಹೊಡೆಯುತ್ತಿದ್ದ. ಯಾರೋ ಒಂದು ತಕ್ಕಡಿ ಮಾಡಿ, ಅದರ ತಟ್ಟೆಯಲ್ಲಿ ಮಣ್ಣಿನ ಹೆಬ್ಬೆರಳೊಂದನ್ನು ಕೂರಿಸಿ, ಅದಕ್ಕೆ ಜರಿಪೇಟ ಸುತ್ತಿದರು. ಊರು ನಕ್ಕಿತು. ಮರುದಿನದಿಂದ ದಾನಪ್ಪನ ಹೆಬ್ಬೆರಳು ತಕ್ಕಡಿಯ ಸಮೀಪಕ್ಕೆ ಸುಳಿಯಲಿಲ್ಲ. ಜನಕ್ಕೆ ಕಲೆಯ ಮೇಲೆ ಭಕ್ತಿ ಹುಟ್ಟಿತು. ಮುಂದಿನ ಸರದಿ ಗಾಯಕಿ ಅಂಬುಜಾಬಾಯಿಯವರದು. ಆಕೆ ಆಲಾಪನೆಗೆ ತೊಡಗಿದರೆ ಮುಗಿಸುವುದನ್ನು ಮರೆಯುತ್ತಿದ್ದರು. ಯಾರೋ ಉದ್ದನೆಯ ರಬ್ಬರು ಕೊಳವೆಯನ್ನು ಕೋಣೆ ತುಂಬ ಸುರುಳಿ ಸುತ್ತಿ, ಅದರ ತುದಿಗೆ ತಂಬೂರಿಯ ಬುರುಡೆಯನ್ನು ಸಿಕ್ಕಿಸಿ ಇಟ್ಟರು. ಆಕೆಯೂ ಬಂದು ನೋಡಿ ಎಲ್ಲರೊಡನೆ ನಕ್ಕರು. ಮರುದಿನ ಬೆಳಗ್ಗೆ ಷಡ್ಜ ಹಿಡಿದರು. ಅದರಾಚೆ ಏನೂ ಇರಲಿಲ್ಲ. ಈಗಲೂ ಆಕೆಯ ಮನೆಯ ಮುಂದೆ ಹೋದರೆ ಒಂದೇ ಸ್ವರ ಕೇಳಿಸಿ ನಿಲ್ಲುತ್ತದೆ. ಕೇಳಿದವರು ಹೆಜ್ಜೆಯನ್ನು ಬಿರುಸಾಗಿ ಹಾಕುತ್ತಾರೆ.

ಮಂದಿರವನ್ನು ಮುಚ್ಚಿಬಿಡಬಹುದಲ್ಲ ಎಂದು ಪರಸ್ಥಳದವರು ಕೇಳುವುದುಂಟು. ಮುಚ್ಚಲಾಗುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಪಕ್ಕದ ಮನೆಯವರ ಅಣಕ ಬೇಕು.

ಆದ್ದರಿಂದ ಮಂದಿರದ ಸಮಿತಿಯವರು ನೀರಿನ ಕ್ರಮವನ್ನು ತಂದರು. ಅದರ ಜೊತೆಗೆ, ವಸ್ತುವನ್ನು ಸಾರ್ವಜನಿಕರ ಮುಂದಿಡಬಹುದೇ ಎಂದು ತಿಳಿಯಲು 'ಮೊದಲ ನೋಟದವನು' ಎಂಬ ಒಂದು ಹುದ್ದೆಯನ್ನು ಮಾಡಿದರು. ಅವನು ಬಾಯಲ್ಲಿ ನೀರಿಲ್ಲದೆ ವಸ್ತುವಿನ ಎದುರು ನಿಲ್ಲಬೇಕು. ಸಮಿತಿಯವರು ನೀರು ತುಂಬಿಕೊಂಡು ಹಿಂದೆ ನಿಂತು ಅವನ ಮುಖವನ್ನು ಕನ್ನಡಿಯಲ್ಲಿ ನೋಡಬೇಕು. ಅವನು ನಕ್ಕರೆ ವಸ್ತು ಅಪಾಯಕರ; ಮಾಡಿದವನೇ ಅದನ್ನು ಒಡೆಯಬೇಕು. ನಗದಿದ್ದರೆ ಪ್ರದರ್ಶನಕ್ಕೆ ಯೋಗ್ಯ. ಅವನ ಬಾಯಿಮಾತಿಗೆ ಬೆಲೆಯಿಲ್ಲ, ಏಕೆಂದರೆ ಮಾತನ್ನು ಕೊಳ್ಳಬಹುದು. ಮೊದಲು ಆ ಹುದ್ದೆಯಲ್ಲಿ ಎಲೆಯಡಿಕೆ ಅಂಗಡಿಯವನೊಬ್ಬನಿದ್ದ. ಅವನು ಎಲ್ಲಕ್ಕೂ ನಗುತ್ತಿದ್ದ. ಆದರೆ ಪರೀಕ್ಷೆಯ ಆ ನಗುವೇ ನಿಜವಾದ ನಗುವಾದ್ದರಿಂದ ಪರೀಕ್ಷೆಯಲ್ಲೇ ಜನ ಹಾಳಾಗುತ್ತಿದ್ದರು. ಅವನನ್ನು ಬಿಡಿಸಿ ನನ್ನನ್ನು ನೇಮಿಸಿದರು.

ನಾನು ಶಾಲೆಯಲ್ಲಿ ಗಣಿತ ಹೇಳುತ್ತಿದ್ದವನು. ಹುಟ್ಟಿದಂದಿನಿಂದ ನಕ್ಕವನಲ್ಲ. ಇದು ಹೆಮ್ಮೆಯ ಮಾತಲ್ಲ. ಕೆಲವರಿಗೆ ಶಿಳ್ಳೆ ಹಾಕಲು ಬರುವುದಿಲ್ಲ, ಹಾಗೆ. ನಾನು ನೋಡಿದ ವಸ್ತುಗಳೆಲ್ಲ ತೇರ್ಗಡೆಯಾದವು. "ಮೇಷ್ಟ್ರೇ ನಗಲಿಲ್ಲ ಅಂದಮೇಲೆ ಅದರಲ್ಲಿ ನಗೋವಂಥದ್ದೇನಿರತ್ತೆ?" ಎಂದು ಸಮಿತಿಯ ಅಧ್ಯಕ್ಷ ಗುರುಸಿದ್ಧಯ್ಯ ಪ್ರತಿ ಸಲವೂ ಸಮಾಧಾನಪಡುತ್ತಿದ್ದ. ಆಮೇಲೆ ಜನ ನೋಡಲು ಬಂದಾಗ ಯಾರದೋ ಬಾಯಿಂದ ನೀರು ಚಿಮ್ಮುತ್ತಿತ್ತು. ಆಗೆಲ್ಲ ಸಮಿತಿಯವರು ಲೋಟದ ಅಳತೆಯನ್ನು ಹೆಚ್ಚಿಸುತ್ತಿದ್ದರು. ಅಳೆಯುವ ಕೋಲಾದ ನಾನೇ ಸೊಟ್ಟಗಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ನನ್ನ ಹೆಂಡತಿ ಚಂದ್ರಮತಿ. ನಮಗೆ ಮಕ್ಕಳಿಲ್ಲ. ತೀರಿಕೊಂಡ ನನ್ನ ಅಕ್ಕನ ಮಗಳು ಕುಮುದ ಚಿಕ್ಕಂದಿನಿಂದ ನಮ್ಮಲ್ಲೇ ಬೆಳೆದು, ಹಿತ್ತಲಿನ ಕೊಟ್ಟಿಗೆಯಲ್ಲಿ ತಗಡು, ಮರ, ಮಣ್ಣುಗಳಿಂದ ಮಂದಿರಕ್ಕೆ ವಸ್ತುಗಳನ್ನು ಮಾಡುವ ಕೆಲಸ ಹಿಡಿದಿದ್ದಳು. ಮನೆಯಲ್ಲಿ ಹೆದರುವ ಕೆಲಸವನ್ನು ಚಂದ್ರಮತಿ ಒಬ್ಬಳೇ ವಹಿಸಿಕೊಂಡಿದ್ದಳು. ಚಿಲಕ ಹಾಕಿ ಮಲಗಿದವಳು ಎದ್ದು ಬಂದು ಚಿಲಕವನ್ನು ಮುಟ್ಟಿ ನೋಡುವಳು. ಮಲಗಿ ಮತ್ತೆ ಏಳುವಳು. ನಾನು ಮೂಲೆಯ ಅಂಗಡಿಗೆ ಹೊರಟರೆ ಕೊಡೆ, ಬಿಸಿಲಿದ್ದರೂ ಮಫ್ಲರು, ಜೇಬಿಗೆ ಶುಂಠಿ. ನಾನು ತಿರುಗಿ ಬರುವವರೆಗೆ ಹೊಸ್ತಿಲಲ್ಲಿ ನಿಂತಿರುವಳು. ಬೀದಿಯ ತಿರುವಿನಲ್ಲಿ ನನ್ನ ಕೊಡೆ ಕಂಡೊಡನೆ, ಕಾಯುತ್ತಿರಲಿಲ್ಲವೆಂಬಂತೆ ಒಳಗೆ ಹೋಗಿಬಿಡುವಳು. ಅವಳು ಹೆದರುತ್ತಿದ್ದುದರಿಂದ ನಾನು ಹೆದರಬೇಕಾಗಿರಲಿಲ್ಲ. ಇಬ್ಬರ ಪಾಲಿನದೂ ಅವಳ ಲೆಕ್ಕದಲ್ಲೇ ಹೋಗುತ್ತಿತ್ತು.

ಈ ಸಲದ ಪ್ರದರ್ಶನಕ್ಕೆ ಕೆಲವೇ ದಿನಗಳಿದ್ದಾಗ ಚಂದ್ರಮತಿ ಜಗಲಿಯ ಮೂಲೆಗಳನ್ನೆಲ್ಲ ಹುಡುಕುತ್ತಿದ್ದಳು.

"ನಿಮ್ಮ ಹಳೇ ಚಪ್ಪಲಿ ಕಾಣ್ತಿಲ್ಲ ರೀ."

"ಹೋಗಲಿ. ಸವೆದದ್ದು."

"ನಾಯಿ ಎಳ್ಕೊಂಡು ಹೋಗಿರತ್ತೆ. ಚಪ್ಪಲಿ ಕಚ್ಚೋ ನಾಯಿ ಅಂದ್ರೆ ಹುಚ್ಚೇ ಇರ್ಬೇಕು. ಅದು ಮತ್ತೆ ನಿಮ್ಮ ವಾಸನೆ ಹಿಡ್ಕೊಂಡು ಬಂದ್ರೆ?"

"ಬರುವುದಿಲ್ಲ."

"ನಾಯಿ ನಿಮಗೆ ಹೇಳಿತ್ತಾ?"

ಅವಳನ್ನು ಒಳಗೆ ಕಳಿಸಿ ನಾನು ಕೊಟ್ಟಿಗೆಗೆ ಹೋದೆ. ಕುಮುದಳ ಕೆಲಸವನ್ನು ಅದು ಮುಗಿಯುವ ಮುನ್ನ ನಾನು ನೋಡುವ ಪದ್ಧತಿಯಿಲ್ಲ; ಆ ದಿನ ನೋಡಿದೆ.

ಕೊಟ್ಟಿಗೆಯ ನಡುವೆ ಒಂದು ಬಾಗಿಲು ನಿಂತಿತ್ತು. ಅದರ ಅಕ್ಕಪಕ್ಕ ಗೋಡೆಯಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ, ಎಲೆ ಇಡಲೂ ಜಾಗವಿಲ್ಲದಂತೆ, ಚಿಲಕಗಳು, ಅಗುಳಿಗಳು, ಸರಪಳಿಗಳು, ಬೀಗಗಳು. ಬೇಕಾದವರು ಬಾಗಿಲನ್ನು ಸುತ್ತಿ ಆಚೆ ಹೋಗಬಹುದಾಗಿತ್ತು. ಬಾಗಿಲ ಮುಂದೆ ಒಂದು ಮಣೆ. ಅದರ ಮೇಲೆ ನನ್ನ ಹಳೆಯ ಚಪ್ಪಲಿಗಳು. ಎರಡಕ್ಕೂ ಪುಟ್ಟ ಮಫ್ಲರು ಸುತ್ತಿತ್ತು. ಎರಡರ ಮೇಲೂ ಪುಟ್ಟ ಕೊಡೆ. ಎಡಗಾಲಿನದರ ಹೆಬ್ಬೆಟ್ಟಿನ ಪಟ್ಟಿಯಲ್ಲಿ ಜ್ವರ ನೋಡುವ ಕಡ್ಡಿ ಸಿಕ್ಕಿಸಿತ್ತು. ಬಾಗಿಲ ತೂತಿನಿಂದ ಇಳಿದುಬಂದ ಉಲ್ಲನ್ ದಾರವೊಂದು ಚಪ್ಪಲಿಗಳೆರಡನ್ನೂ ಬಿಗಿದು ಕಟ್ಟಿತ್ತು.

ನಾನು ಬಹಳ ಹೊತ್ತು ನೋಡಿದೆ. ಇದಕ್ಕೆ ಊರು ನಗುತ್ತದೆಂದು ಜೀವನದಲ್ಲಿ ಮೊದಲ ಬಾರಿಗೆ ನನಗೆ ಮುಂಚಿತವಾಗಿ ತಿಳಿಯಿತು.

"ಇದನ್ನು ಒಡೆದುಬಿಡು" ಎಂದೆ.

"ನೀವು ನಕ್ರೆ ಒಡೀತೀನಿ, ಮಾವ." ಅವಳು ತಲೆಯೆತ್ತದೆ ಸರಪಳಿಯೊಂದಕ್ಕೆ ಮೊಳೆ ಹೊಡೆಯುತ್ತಿದ್ದಳು. "ಕ್ರಮ ಅಂದ್ರೆ ಕ್ರಮ. ನೀವೇ ಕಲಿಸಿದ್ದು."

"ಅವಳು ನಿನ್ನನ್ನು ಸಾಕಿದವಳು."

"ಅದಕ್ಕೇ ಮಾಡಿದ್ದು. ಅತ್ತೆ ಸರಿಯಾಗಿ ನಿದ್ದೆ ಮಾಡಿದ್ದನ್ನ ನೀವು ಯಾವತ್ತಾದ್ರೂ ನೋಡಿದೀರಾ? ನೀವು ಗೊರಕೆ ಹೊಡೀತಿರ್ತೀರಿ, ನಿಮಗೇನು ಗೊತ್ತಾಗತ್ತೆ. ಅವರು ಎದ್ದು ಬಂದು ನನ್ನ ಮೂಗಿನ ಹತ್ರ ಬೆರಳಿಟ್ಟು ಉಸಿರು ನೋಡ್ತಾರೆ. ಇಷ್ಟು ದೊಡ್ಡೋಳಾದ್ಮೇಲೂ. ಅದು ಹೆದರಿಕೆ ಅಲ್ಲ ಮಾವ, ಕಾಯಿಲೆ. ಊರಿನವರು ಒಂದ್ಸಲ ನಕ್ಬಿಟ್ರೆ ಹೋಗತ್ತೆ."

"ಅದು ಹೋದರೆ ಜೊತೆಗೆ ಏನು ಹೋಗುತ್ತದೆಂದು ಯೋಚಿಸಿದ್ದೀಯಾ? ಶೇಷ ಎಷ್ಟು ಉಳಿಯುತ್ತದೆ?"

"ಎಲ್ಲದಕ್ಕೂ ಲೆಕ್ಕ" ಎಂದಳು ಕುಮುದ. ಅವಳ ಕಣ್ಣಲ್ಲಿ ನೀರಿತ್ತು. ಅವಳಲ್ಲಿ ಕೆಡುಕಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಕೆಡುಕಿದ್ದರೆ ವಾದಿಸಿ ಗೆಲ್ಲಬಹುದಿತ್ತು.

ಉಳಿದದ್ದು ಒಂದೇ ದಾರಿ. ಪರೀಕ್ಷೆಯ ದಿನ ನಾನು ನಗಬೇಕು. ನಿಜವಾಗಿ ನಕ್ಕರೆ ಚಂದ್ರಮತಿಯ ಗುಣ ಹೋಗುತ್ತದೆ. ನಗದಿದ್ದರೆ ವಸ್ತು ಊರಿನ ಮುಂದೆ ನಿಲ್ಲುತ್ತದೆ. ಸುಳ್ಳು ನಗುವಿಗೆ ಮಾತ್ರ ಯಾರ ಗುಣವನ್ನೂ ಕಸಿಯುವ ಬಲವಿಲ್ಲ. ಅಧ್ಯಕ್ಷರ ಮೆಚ್ಚುಗೆಗಾಗಿ ಹಲ್ಲು ಕಿರಿಯುವವರು ಮಂದಿರದಲ್ಲಿ ಎಷ್ಟೋ ಜನ. ಅದರಿಂದ ಯಾರಿಗೂ ಏನೂ ಆದದ್ದಿಲ್ಲ. ಆದ್ದರಿಂದ ನಾನು ಸುಳ್ಳು ನಗುವನ್ನು ಕಲಿಯಬೇಕಾಯಿತು.

ಅದು ಭಾಗಾಕಾರದಷ್ಟು ಸುಲಭವಲ್ಲ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ತುಟಿಗಳನ್ನು ಎರಡು ಪಕ್ಕಕ್ಕೂ ಸಮನಾಗಿ ಎಳೆದೆ. ಹುಬ್ಬು ಒಪ್ಪಲಿಲ್ಲ. ಹುಬ್ಬನ್ನು ಎತ್ತಿದರೆ ತುಟಿ ಮುಚ್ಚಿಕೊಂಡಿತು. ಗಂಟಲಿನಿಂದ ಹೊರಟ ಸದ್ದು ಒಣಗಿದ ರಾಟೆಯದರಂತಿತ್ತು. ಚಂದ್ರಮತಿ ಬಾಗಿಲು ತಟ್ಟಿದಳು.

"ಹಲ್ಲುನೋವಾ ರೀ?"

"ಇಲ್ಲ."

"ಮತ್ಯಾಕೆ ಹಾಗೆ ನರಳ್ತಿದ್ದೀರಿ? ಎದೆಯಾ? ಎಡಗಡೆನಾ? ಬಾಗಿಲು ತೆಗೀರಿ ಮೊದಲು."

ಬಾಗಿಲು ತೆರೆದೆ. ಅವಳು ಒಂದು ಕೈಯಲ್ಲಿ ಲವಂಗ, ಇನ್ನೊಂದು ಕೈಯಲ್ಲಿ ಬಿಸಿನೀರಿನ ಚೀಲ ಹಿಡಿದು ನಿಂತಿದ್ದಳು. ಯಾವ ನೋವಾದರೂ ಇರಲೆಂದು ಎರಡನ್ನೂ ತಂದಿದ್ದಳು. ಅಣಕಕ್ಕೆ ಗುರಿಯಾದವರಿಗೆ ಮುಂಚಿತವಾಗಿ ತಿಳಿಸಬಾರದೆಂಬುದು ಮಂದಿರದ ಕ್ರಮ. ನಾನು ಲವಂಗವನ್ನು ಬಾಯಿಗೆ ಹಾಕಿಕೊಂಡು, ಚೀಲವನ್ನು ಎದೆಗೊತ್ತಿಕೊಂಡು ಕುಳಿತೆ.

ಪರೀಕ್ಷೆಯ ದಿನ ಮಂದಿರದಲ್ಲಿ ಗುರುಸಿದ್ಧಯ್ಯನೂ ಸಮಿತಿಯ ಇನ್ನಿಬ್ಬರೂ ಇದ್ದರು. ಕುಮುದ ತನ್ನ ವಸ್ತುವಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಮೂವರೂ ಹಂಡೆಯಿಂದ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ನನ್ನ ಬೆನ್ನ ಹಿಂದೆ ನಿಂತರು. ಎದುರಿನ ಗೋಡೆಯ ಕನ್ನಡಿಯಲ್ಲಿ ನನ್ನ ಮುಖವೂ ಅವರ ಉಬ್ಬಿದ ಕೆನ್ನೆಗಳೂ ಕಾಣುತ್ತಿದ್ದವು. ಗುರುಸಿದ್ಧಯ್ಯ ಕಣ್ಣಿನಿಂದ ಸಂಜ್ಞೆ ಮಾಡಿದ. ಕುಮುದ ಬಟ್ಟೆಯನ್ನು ಸರಿಸಿದಳು.

ಬಾಗಿಲು, ಬೀಗಗಳು, ಮಫ್ಲರು ಸುತ್ತಿದ ಚಪ್ಪಲಿಗಳು. ಕನ್ನಡಿಯಲ್ಲಿ ಮೂರು ಜೊತೆ ಕಣ್ಣುಗಳು ಅಗಲವಾದವು, ಆದರೆ ಯಾರ ಬಾಯಿಂದಲೂ ನೀರು ಹೊರಡಲಿಲ್ಲ. ಅವರು ಪಳಗಿದವರು. ನಾನು ತುಟಿಗಳನ್ನು ಎಳೆದೆ. ಹುಬ್ಬುಗಳನ್ನು ಎತ್ತಿದೆ. ಭುಜಗಳನ್ನು ಕುಲುಕಿಸಿದೆ, ನಗುವವರ ಭುಜ ಕುಲುಕುವುದನ್ನು ನಾನು ಗಮನಿಸಿದ್ದೆ. ಬಾಯಿ ತೆರೆದು ಸದ್ದನ್ನು ಹೊರಗೆ ಬಿಟ್ಟೆ. ರಾಟೆ ಒಮ್ಮೆ ಕಿರುಗುಟ್ಟಿ ನಿಂತಿತು. ಹೆದರಿ ಇನ್ನೊಮ್ಮೆ ಎಳೆದೆ. ಈ ಬಾರಿ ಅದು ಕೋಳಿಯ ಕೊರಳಿನಿಂದ ಬಂದಂತೆ ಬಂದು, ನಡುವೆ ಬಿಕ್ಕಳಿಕೆ ಸೇರಿಕೊಂಡು, ನನ್ನ ಕಟ್ಟುಹಲ್ಲು ಸಡಿಲವಾಗಿ ಕೆಳತುಟಿಯ ಮೇಲೆ ಕೂತಿತು.

ಮೊದಲು ಗುರುಸಿದ್ಧಯ್ಯನ ಮೂಗಿನಿಂದ ನೀರು ಬಂತು. ಆಮೇಲೆ ಮೂವರ ಬಾಯಿಂದಲೂ ಒಮ್ಮೆಲೇ ಚಿಮ್ಮಿ ನನ್ನ ಬೆನ್ನನ್ನೂ ಬಾಗಿಲನ್ನೂ ಚಪ್ಪಲಿಗಳನ್ನೂ ತೋಯಿಸಿತು. ಅವರು ಹೊಟ್ಟೆ ಹಿಡಿದುಕೊಂಡರು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದರು, ನೆಲಕ್ಕೆ ಕುಸಿದು ಕುಳಿತು ನಕ್ಕರು. ಎಷ್ಟು ವರ್ಷಗಳ ನೀರು ಅದರಲ್ಲಿತ್ತೋ. ಕುಮುದ ಮಾತ್ರ ನಗಲಿಲ್ಲ. ನಾನು ಯಾತಕ್ಕಾಗಿ ಹಾಗೆ ಮಾಡಿದೆನೆಂದು ಅವಳಿಗೆ ಆಗ ತಿಳಿಯಿತು. ಅವಳ ಮುಖ ಸುಣ್ಣದಂತಾಯಿತು.

"ಮೇಷ್ಟ್ರೇ, ಆ ಹಾಳು ಬಾಗಿಲು ನೋಡಿ ನಗಲಿಲ್ಲ ನಾವು" ಎಂದು ಗುರುಸಿದ್ಧಯ್ಯ ಕಣ್ಣೊರೆಸಿಕೊಂಡು ಏಳುತ್ತ ಹೇಳಿದ. "ನಿಮ್ಮನ್ನ ನೋಡಿ ನಕ್ಕಿದ್ದು. ದೇವರಾಣೆ."

"ಹೌದು ಹೌದು, ನಿಮ್ಮ ಮುಖ ನೋಡಿಯೇ" ಎಂದರು ಉಳಿದಿಬ್ಬರು. ಹಾಗೆ ಹೇಳುತ್ತಲೇ ಒಬ್ಬನ ದೃಷ್ಟಿ ಚಪ್ಪಲಿಯ ಕಡೆ ಜಾರಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಕುಮುದ ಬಾಗಿಲನ್ನು ಅಲ್ಲಿಯೇ ಕೊಡಲಿಯಿಂದ ಒಡೆದಳು. ನಾನು ಮನೆಗೆ ನಡೆದೆ. ಅವರು ನಕ್ಕದ್ದು ವಸ್ತುವಿಗೋ ನನಗೋ? ನನಗಾದರೆ, ಹೋಗಬೇಕಾದದ್ದು ನನ್ನ ಗುಣ. ಬೆಳಗಾಗುವುದರೊಳಗೆ ನನ್ನ ಬಿಗುಮಾನ ಕಳಚಿ ಬೀಳಲಿ, ನಾನು ಬೀದಿಯಲ್ಲಿ ನಿಂತು ಕಾರಣವಿಲ್ಲದೆ ನಗುವ ಮುದುಕನಾಗಲಿ ಎಂದು ಹಾರೈಸಿಕೊಂಡೆ. ಆದರೆ ನಿಯಮ ನನಗೆ ಗೊತ್ತಿತ್ತು. ನಾನು ಮಣ್ಣಿನಿಂದಾಗಲಿ ಮರದಿಂದಾಗಲಿ ಮಾಡಿದ ವಸ್ತುವಲ್ಲ. ಅಲ್ಲಿದ್ದ ವಸ್ತು ಒಂದೇ.

ಹೊಸ್ತಿಲಲ್ಲಿ ಚಂದ್ರಮತಿ ನಿಂತಿದ್ದಳು. "ಅಂಗಿಯೆಲ್ಲ ಒದ್ದೆ. ಎಲ್ಲಿ ಬಿದ್ರಿ? ಬಿದ್ದದ್ದನ್ನ ನನ್ನ ಹತ್ರ ಮುಚ್ಚಿಡ್ಬೇಡಿ" ಎಂದು ಸೆರಗಿನಿಂದ ತಲೆ ಒರೆಸಿದಳು. ಕಾಯಿಸಿದ ಎಣ್ಣೆ ತಂದು ಅಂಗಾಲಿಗೆ ತಿಕ್ಕಿದಳು. ನಾನು ಕಾಲನ್ನು ಎಳೆದುಕೊಳ್ಳಲಿಲ್ಲ. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಅಂದು ಒಂದೊಂದಾಗಿ ಉತ್ತರ ಕೊಟ್ಟೆ. "ಏನಿವತ್ತು ಇಷ್ಟು ಮಾತು?" ಎಂದು ಅವಳು ಅದಕ್ಕೂ ಹೆದರಿದಳು.

ಬೆಳಗ್ಗೆ ಎದ್ದಾಗ ಬೀದಿಬಾಗಿಲು ಹಾರುಹೊಡೆದಿತ್ತು. ಹಸುವೊಂದು ನಡುಮನೆಯವರೆಗೆ ಬಂದು ನಿಂತಿತ್ತು. ಚಂದ್ರಮತಿ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದು ನನಗೆ ತಿಳಿದಿರಲಿಲ್ಲ.

"ಬಾಗಿಲು" ಎಂದೆ.

"ತೆರೆದೇ ಇತ್ತು. ಗಾಳಿ ಚೆನ್ನಾಗಿ ಬರ್ತಿದೆ ಅಲ್ವಾ?"

ಅಂಗಡಿಗೆ ಹೊರಟೆ. ಹೊಸ್ತಿಲಲ್ಲಿ ನಿಂತು ಕಾದೆ. ಕೊಡೆ ಬರಲಿಲ್ಲ, ಶುಂಠಿಯೂ ಬರಲಿಲ್ಲ. "ನಾನು ಹೊರಗೆ ಹೋಗುತ್ತಿದ್ದೇನೆ" ಎಂದು ಗಟ್ಟಿಯಾಗಿ ಹೇಳಿದೆ. "ಹೂಂ" ಎಂದಳು. ಬೇಕೆಂದೇ ತಡಮಾಡಿ, ಬಿಸಿಲು ಏರಿದ ಮೇಲೆ ಹಿಂದಿರುಗಿದೆ. ಬೀದಿಯ ತಿರುವಿನಿಂದ ನೋಡಿದರೆ ಹೊಸ್ತಿಲು ಬರಿದಾಗಿತ್ತು.

ಕುಮುದಳಿಗೆ ಮೊದಲು ಹಿಗ್ಗಾಯಿತು. "ಅತ್ತೆ ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ರು ನೋಡಿ ಮಾವ. ಮುಖದಲ್ಲಿ ಗೆರೆಯೇ ಇಲ್ಲ" ಎಂದಳು. ಅದು ನಿಜ. ಚಂದ್ರಮತಿ ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು. ಅಂದೇ ಸಂಜೆ ತಗಡು ಕತ್ತರಿಸುವಾಗ ಕುಮುದಳ ಅಂಗೈ ಸೀಳಿತು. ರಕ್ತ ಸೋರುವ ಕೈಯನ್ನು ಹಿಡಿದುಕೊಂಡು ಅವಳು ಅಡುಗೆಮನೆಗೆ ಓಡಿದಳು. ಚಿಕ್ಕಂದಿನಿಂದ ಓಡುತ್ತಿದ್ದುದು ಅಲ್ಲಿಗೇ. ಚಂದ್ರಮತಿ ತಿರುಗಿ ನೋಡಿದಳು.

"ಕುಯ್ಕೊಂಡ್ಯಾ?" ಎಂದಳು. "ನೆಲಕ್ಕೆ ಬೀಳಿಸ್ಬೇಡ, ಈಗ ಒರೆಸಿದ್ದೀನಿ." ಮತ್ತೆ ಹಾಡನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು.

ಕುಮುದ ಅಲ್ಲಿಯೇ ನಿಂತಳು. ನಾನು ಬಟ್ಟೆ ಹರಿದು ಅವಳ ಕೈಗೆ ಕಟ್ಟಿದೆ. ನನಗೆ ಕಟ್ಟಲು ಬರುವುದಿಲ್ಲ, ಗಂಟು ಜಾರುತ್ತಿತ್ತು. "ಇದನ್ನ ಹಿಂದಕ್ಕೆ ತರೋಕೆ ಏನಾದ್ರೂ ಮಾಡಬಹುದಾ ಮಾವ?" ಎಂದು ಅವಳು ಪಿಸುಗುಟ್ಟಿದಳು. ಅಂಬುಜಾಬಾಯಿಯ ಹೆಸರನ್ನು ಹೇಳಿದೆ.

ಆ ದಿನದಿಂದ ನಾನು ನಿದ್ರೆಯಿಂದ ಎದ್ದು ಚಿಲಕ ಮುಟ್ಟುತ್ತೇನೆ. ಚಂದ್ರಮತಿ ಬಾವಿಯ ಕಟ್ಟೆಯ ಮೇಲೆ ಕುಳಿತು ಕಾಲನ್ನು ಒಳಕ್ಕೆ ಇಳಿಬಿಟ್ಟುಕೊಂಡು ಕಡಲೆಕಾಯಿ ತಿನ್ನುತ್ತಾಳೆ. ಗೂಳಿ ಬಂದರೆ ಬೀದಿಯ ನಡುವಿನಿಂದ ಸರಿಯುವುದಿಲ್ಲ. ಬೇಡವೆಂದರೆ, "ಏನಾಗತ್ತೆ ರೀ?" ಎಂದು ಕೇಳುತ್ತಾಳೆ. ಅವಳ ಕೇಳುವಿಕೆಯಲ್ಲಿ ಹಟವಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಾಳೆ. ಏನೇನಾಗಬಹುದೆಂದು ನಾನು ಒಂದೊಂದಾಗಿ ಹೇಳಹೊರಟರೆ ಪಟ್ಟಿಗೆ ಕೊನೆಯೇ ಸಿಗುವುದಿಲ್ಲ. ಇಷ್ಟೊಂದು ಸಂಗತಿಗಳನ್ನು ಅವಳು ಇಷ್ಟು ವರ್ಷ ಒಬ್ಬಳೇ ತಲೆಯಲ್ಲಿ ಹೊತ್ತಿದ್ದಳೇ ಎಂದು ನೆನೆದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ನಿನ್ನೆ ಅವಳು ಬತೇರಿಯನ್ನು ನೋಡಬೇಕೆಂದಳು. ಊರ ಹಿಂದಿನ ಗುಡ್ಡದ ಮೇಲೆ ಹಳೆಯ ಕಾಲದ ಕಾವಲುಗಾರರು ನಿಲ್ಲುತ್ತಿದ್ದ ಎತ್ತರದ ಕಲ್ಲಿನ ಕಟ್ಟಡ ಅದು. ಹೊರಮೈಗೆ ಅಂಟಿದ ಮೆಟ್ಟಿಲುಗಳಿಗೆ ಹಿಡಿಯಿಲ್ಲ. ನೆತ್ತಿಯಲ್ಲಿ ಗುಡ್ಡದ ಕಡೆಗೆ ಮಾತ್ರ ಗೋಡೆಯಿದೆ, ಊರಿನ ಕಡೆಯದು ಎಂದೋ ಉರುಳಿದೆ. ಬೇಡವೆಂದೆ. "ನೀವಿರಿ, ನಾನು ಹೋಗಿ ಬರ್ತೀನಿ" ಎಂದು ಹೊರಟೇಬಿಟ್ಟಳು. ಹಿಂದೆಯೇ ಹೋದೆ. ಅವಳು ಅಂಗಳದ ಮೆಟ್ಟಿಲು ಹತ್ತುವವಳಂತೆ ಹತ್ತಿದಳು. ನಾನು ಗೋಡೆಗೆ ಅಂಟಿಕೊಂಡು, ಒಂದು ಮೆಟ್ಟಿಲಿಗೆ ಎರಡೂ ಕಾಲು ಊರಿ, ಕೊನೆಗೆ ಅಂಬೆಗಾಲಿನಲ್ಲಿ ಹತ್ತಿದೆ.

ಮೇಲೆ ಗಾಳಿ ಬಲವಾಗಿತ್ತು. ಚಂದ್ರಮತಿ ಉರುಳಿದ ಗೋಡೆಯ ಅಂಚಿಗೆ ಹೋಗಿ, ಕಾಲ್ಬೆರಳುಗಳು ಹೊರಗೆ ಚಾಚುವಂತೆ ನಿಂತು, ಊರನ್ನು ನೋಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ನಾನು ಕುಳಿತಲ್ಲಿಂದಲೇ ಕೈ ಚಾಚಿ ಅವಳ ಸೆರಗಿನ ತುದಿಯನ್ನು ಹಿಡಿದೆ.

"ಎಷ್ಟು ಚೆನ್ನಾಗಿದೆ ರೀ. ಇಷ್ಟು ದಿನ ಯಾಕೆ ಬರಲಿಲ್ಲ ನಾವು?" ಎಂದಳು. ಆಮೇಲೆ ತಿರುಗಿ ನೋಡಿ, "ಇದೇನು, ಮಕ್ಕಳ ಹಾಗೆ ಸೆರಗು ಹಿಡ್ಕೊಂಡು? ಬಿಡಿ. ನೋಡಿದೋರು ನಕ್ಕಾರು" ಎಂದಳು.

ಕೆಳಗೆ ನೋಡಿದೆ. ಬತೇರಿಯ ಬುಡದಲ್ಲಿ ನಾಲ್ಕಾರು ಜನ ಕೂಡಿ ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದರು. ನಮ್ಮ ಊರಿನಲ್ಲಿ ಯಾರ ಕೈಗೆ ಯಾವಾಗ ಜೇಡಿಮಣ್ಣು ಸಿಗುತ್ತದೆಂದು ಹೇಳುವಂತಿಲ್ಲ. ನೆಟ್ಟಗೆ ನಿಂತ ಹೆಂಗಸು, ಅವಳ ಹಿಂದೆ ಅಂಬೆಗಾಲಿನಲ್ಲಿ ಸೆರಗು ಹಿಡಿದ ಮುದುಕ: ಮಾಡುವವನಿಗೆ ಅರ್ಧ ದಿನದ ಕೆಲಸ, ನಗುವವರಿಗೆ ಅಷ್ಟೂ ಬೇಡ. ಅವರು ನಕ್ಕರೆ ನನಗೆ ಹೊಸದಾಗಿ ಬಂದ ಈ ಹೆದರಿಕೆಯೂ ಹೋಗುತ್ತದೆ. ಆಮೇಲೆ ನಾನೂ ಎದ್ದು ಅವಳ ಪಕ್ಕದಲ್ಲಿ, ಬೆರಳುಗಳನ್ನು ಹೊರಗೆ ಚಾಚಿ, ಸುಖವಾಗಿ ನಿಲ್ಲುತ್ತೇನೆ.

ಸೆರಗನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಕೆಳಗಿನವರಿಗೆ ಕಾಣಿಸದಂತೆ ನೆಲಕ್ಕೆ ಮುಖವಾಗಿ ಮಲಗಿದೆ.